ಗಂಟಲ ಗಡ್ಡೆ ಮತ್ತು ಒಂದು ಚಿಟಿಕೆ ಉಪ್ಪು

ಕುಬ್ಲಾಯಿ ಖಾನನ ಆಸ್ಥಾನಕ್ಕೆ ಹೊರಟಿದ್ದ ಮಾರ್ಕೊ ಪೋಲೊ 13ನೇ ಶತಮಾನದ ಎಪ್ಪತ್ತರ ದಶಕದಲ್ಲಿ ಮಧ್ಯ ಏಷ್ಯಾದ ಯಾರ್ಕಂದ್ ಪ್ರದೇಶವನ್ನು ಹಾದುಹೋದ. ಅಲ್ಲಿನ ಜನ ಮುಸ್ಲಿಮರು ಎಂದು ಬರೆದುಕೊಂಡ ಆತ ಇನ್ನೊಂದು ಸಂಗತಿಯನ್ನೂ ಗುರುತು ಹಾಕಿಕೊಂಡ. ಅವರಲ್ಲಿ ಬಹಳ ಮಂದಿಯ ಗಂಟಲು ಊದಿಕೊಂಡಿದೆ, ಅದಕ್ಕೆ ಅವರು ಕುಡಿಯುವ ನೀರೇ ಕಾರಣ ಎಂದ. ನೀರಿನ ಮೇಲೆ ಹೊರಿಸಿದ ಈ ಆಪಾದನೆ ಅವನಿಗಿಂತ ಹಳೆಯದು, ಅವನ ನಂತರವೂ ಆರುನೂರು ವರ್ಷ ಬದುಕಿತು. ಅದರಲ್ಲಿ ಅರ್ಧ ಸತ್ಯವಿತ್ತು. ನೀರಿನಲ್ಲಿ ಏನೋ ಸೇರಿದೆ ಎಂದು ಎಲ್ಲರೂ ಹುಡುಕಿದರು. ನೀರಿನಲ್ಲಿ, ಮಣ್ಣಿನಲ್ಲಿ, ಆ ಮಣ್ಣಿನ ಬೆಳೆಯಲ್ಲಿ ಏನೋ ಇಲ್ಲ ಎಂಬುದು ಹೊಳೆಯಲು ಬಹುಕಾಲ ಹಿಡಿಯಿತು.

ಈ ಊತಕ್ಕೆ ನಮ್ಮ ದೇಶದಲ್ಲಿ ಹಳೆಯ ಹೆಸರುಗಳಿವೆ. ಸುಶ್ರುತ ಸಂಹಿತೆ ಇದನ್ನು ಗಳಗಂಡವೆಂದು ಕರೆದು, ಕುತ್ತಿಗೆಯಿಂದ ಜೋತುಬೀಳುವ ಅದರ ಆಕಾರವನ್ನು ಸಂಕೋಚವಿಲ್ಲದೆ ವರ್ಣಿಸುತ್ತದೆ. ಕನ್ನಡದಲ್ಲಿ ಆ ಹೆಸರೇ ಉಳಿದಿದೆ, ಆಡುಮಾತಿನಲ್ಲಿ ಗಂಟಲ ಗಡ್ಡೆ. ಉರ್ದುವಿನಲ್ಲಿ ಗಿಲ್ಹಡ್ ಅಥವಾ ಘೇಂಗಾ. ಥೈರಾಯ್ಡ್ ಎಂಬುದು ಗ್ರೀಕರ ಗುರಾಣಿಯ ಹೆಸರಿನಿಂದ ಹುಟ್ಟಿದ ಪದ. 1656ರಲ್ಲಿ ಥಾಮಸ್ ವಾರ್ಟನ್ ಎಂಬ ಇಂಗ್ಲಿಷ್ ವೈದ್ಯರು ಗ್ರಂಥಿಗೆ ಆ ಹೆಸರಿಟ್ಟರು. ಅರಬಿಯವರು ಅದನ್ನೇ ಅನುವಾದಿಸಿಕೊಂಡು ಗುದ್ದಾ ದರಕಿಯ್ಯಾ ಎಂದರು. ದರಕಾ ಎಂದರೂ ಗುರಾಣಿಯೇ. ಹೆಸರಿಟ್ಟ ವಾರ್ಟನ್ನರಿಗೆ ಗ್ರಂಥಿಯ ಕೆಲಸ ಏನೆಂದು ಮಾತ್ರ ಗೊತ್ತಿರಲಿಲ್ಲ. ಕುತ್ತಿಗೆಗೊಂದು ಅಂದ ಕೊಡಲು, ಅದರಲ್ಲೂ ಹೆಂಗಸರ ಕುತ್ತಿಗೆಯನ್ನು ದುಂಡಗೆ ಮಾಡಲು ಇರುವುದೆಂದು ಅವರು ಭಾವಿಸಿದ್ದರು!

ಅದಕ್ಕೂ ಸುಮಾರು ಆರೂವರೆ ಶತಮಾನ ಮೊದಲು, ಅಂದಲೂಸಿಯಾದ ಕುರ್ತುಬಾ ನಗರದ ಬಳಿ ಅಬುಲ್ ಕಾಸಿಂ ಅಝ್ಝಹ್ರಾವಿ ಎಂಬ ಶಸ್ತ್ರವೈದ್ಯರು ಕಿತಾಬುತ್ತಸ್ರೀಫ್ ಬರೆದರು. ಅದರ ಶಸ್ತ್ರಚಿಕಿತ್ಸೆಯ ಭಾಗದಲ್ಲಿ ಗಂಟಲ ಹೊರಗೆ ಬೆಳೆಯುವ ದೊಡ್ಡ ಗಡ್ಡೆಯ ಬಗ್ಗೆ ಒಂದು ಅಧ್ಯಾಯವಿದೆ. ಅದು ಹೆಂಗಸರಲ್ಲಿ ಹೆಚ್ಚು ಎಂದು ಅವರು ಗಮನಿಸಿದ್ದಾರೆ. ಹುಟ್ಟಿನಿಂದ ಬಂದದ್ದನ್ನು ಮುಟ್ಟಬೇಡಿ, ರಕ್ತನಾಳ ಉಬ್ಬಿದಂತಿರುವುದಕ್ಕೆ ಕತ್ತಿ ಹಾಕಬೇಡಿ, ಚೀಲದಂತೆ ಬಿಡಿಸಿ ತೆಗೆಯಬಹುದಾದದ್ದನ್ನು ಮಾತ್ರ ತೆಗೆಯಿರಿ ಎನ್ನುತ್ತಾರೆ. ಶಸ್ತ್ರವೈದ್ಯನೊಬ್ಬ ತನ್ನ ಶಿಷ್ಯರಿಗೆ ಎಲ್ಲಿ ಕೈ ಹಾಕಬಾರದು ಎಂದು ಕಲಿಸುತ್ತಿರುವುದು ನಮಗೆ ಇಲ್ಲಿ ಕಾಣುತ್ತದೆ. 12ನೇ ಶತಮಾನದ ಆರಂಭದಲ್ಲಿ ಖ್ವಾರಝ್ಮ್‌ನಲ್ಲಿ ಸಯ್ಯದ್ ಇಸ್ಮಾಯಿಲ್ ಜುರ್ಜಾನಿ ಫಾರಸಿಯಲ್ಲಿ ಝಖೀರಾ ಎಂಬ ಬೃಹತ್ ವೈದ್ಯಕೋಶ ರಚಿಸಿದರು. ಗಂಟಲು ಊದಿಕೊಂಡವರಲ್ಲಿ ಕೆಲವರ ಕಣ್ಣುಗುಡ್ಡೆಗಳೂ ಮುಂದಕ್ಕೆ ಚಾಚಿರುತ್ತವೆ ಎಂದು ಎರಡನ್ನೂ ಜೋಡಿಸಿ ನೋಡಿದವರಲ್ಲಿ ಅವರು ಮೊದಲಿಗರು. ಯುರೋಪಿನಲ್ಲಿ ಅದೇ ಕಾಯಿಲೆಗೆ 1835ರಲ್ಲಿ ಡಬ್ಲಿನ್ನಿನ ಗ್ರೇವ್ಸ್ ಮತ್ತು 1840ರಲ್ಲಿ ಜರ್ಮನಿಯ ಬಾಸೆಡೊ ವಿವರಣೆ ಕೊಟ್ಟರು. ಈಗಲೂ ಅದಕ್ಕೆ ಅವರದೇ ಹೆಸರು.

ಇಂಥ ಸಂಗತಿ ಸಿಕ್ಕ ಕೂಡಲೇ 'ಎಲ್ಲವನ್ನೂ ನಮ್ಮವರೇ ಮೊದಲು ಕಂಡುಹಿಡಿದರು' ಎಂದು ಸಭೆಗಳಲ್ಲಿ ಎದೆಯುಬ್ಬಿಸುವ ಚಾಳಿ ನಮ್ಮಲ್ಲಿದೆ. ಜುರ್ಜಾನಿಯವರು ಕಂಡರು, ಬರೆದಿಟ್ಟರು. ಆದರೆ ಕಣ್ಣಿಗೂ ಕೊರಳಿಗೂ ಇರುವ ನಂಟಿನ ಹಿಂದೆ ರಕ್ತದಲ್ಲಿ ಹರಿಯುವ ಒಂದು ರಸವಿದೆ ಎಂದು ತಿಳಿಯುವ ಸಾಧನ ಅವರಲ್ಲಿರಲಿಲ್ಲ. ಅವರ ಗ್ರಂಥವನ್ನು ಜೋಪಾನವಾಗಿ ನಕಲು ಮಾಡಿಕೊಂಡು ಬಂದವರು ಆ ಸಾಲಿಗೆ ಇನ್ನೊಂದು ಸಾಲು ಸೇರಿಸಲೂ ಇಲ್ಲ. ನಾವು ಹೆಮ್ಮೆಪಡುವುದಾದರೆ ಅವರ ಕಣ್ಣಿನ ಬಗ್ಗೆ ಪಡೋಣ.

ಔಷಧದ ವಿಷಯದಲ್ಲಿ ಹಳಬರ ಅನುಭವ ಅಚ್ಚರಿ ಹುಟ್ಟಿಸುತ್ತದೆ. ಚೀನೀಯರು ಸಮುದ್ರದ ಪಾಚಿಯನ್ನೂ, ಆಮೇಲೆ ಕುರಿಯ ಥೈರಾಯ್ಡ್ ಗ್ರಂಥಿಯನ್ನೂ ಕೊಡುತ್ತಿದ್ದರು. ಯುರೋಪಿನವರು ಸಮುದ್ರದ ಸ್ಪಂಜನ್ನು ಸುಟ್ಟು ಬೂದಿ ತಿನ್ನಿಸುತ್ತಿದ್ದರು. ಕೆಲವರಿಗೆ ಗಡ್ಡೆ ಇಳಿಯುತ್ತಿತ್ತು, ಏಕೆಂದು ಯಾರಿಗೂ ಗೊತ್ತಿರಲಿಲ್ಲ. ಉತ್ತರ ಬಂದದ್ದು ಯುದ್ಧದ ದೆಸೆಯಿಂದ. ನೆಪೋಲಿಯನ್ನನ ಸೈನ್ಯಕ್ಕೆ ಮದ್ದುಗುಂಡಿನ ಪೆಟ್ಲುಪ್ಪು ತಯಾರಿಸುತ್ತಿದ್ದ ಬರ್ನಾರ್ಡ್ ಕುರ್ತ್ವಾ 1811ರಲ್ಲಿ ಸಮುದ್ರಪಾಚಿಯ ಬೂದಿಗೆ ಆಮ್ಲ ಹೆಚ್ಚಾಗಿ ಹಾಕಿದಾಗ ನೇರಳೆ ಬಣ್ಣದ ಹಬೆ ಎದ್ದಿತು. ಅದೇ ಅಯೋಡಿನ್. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ, ಸುಟ್ಟ ಸ್ಪಂಜಿನಲ್ಲಿ ಕೆಲಸ ಮಾಡುತ್ತಿದ್ದದ್ದು ಇದೇ ಇರಬೇಕೆಂದು ಊಹಿಸಿ ರೋಗಿಗಳಿಗೆ ಕೊಟ್ಟರು. ಗಡ್ಡೆಗಳು ಕರಗಿದವು. ಊರಿಗೆ ಊರೇ ಅಂಗಡಿಯಿಂದ ಅಯೋಡಿನ್ ತಂದು ಮನಬಂದಷ್ಟು ಕುಡಿಯತೊಡಗಿತು. ಎದೆಬಡಿತ, ನಡುಕ, ಮೈ ಸೊರಗುವುದು ಶುರುವಾಗಿ ಒಳ್ಳೆಯ ಮದ್ದಿಗೆ ವಿಷವೆಂಬ ಕೆಟ್ಟ ಹೆಸರು ಬಂತು. ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕಾಗಿರುವುದು 150 ಮೈಕ್ರೋಗ್ರಾಂ, ಗರ್ಭಿಣಿಗೆ 250. ಜೀವಮಾನವೆಲ್ಲ ಸೇರಿದರೂ ಒಂದು ಟೀ ಚಮಚ. ಅಷ್ಟು ಚಿಕ್ಕ ಅಳತೆ ಆ ಕಾಲದವರ ಊಹೆಗೆ ಎಟುಕುವಂಥದ್ದಲ್ಲ.

ಇನ್ನು ಕತ್ತಿಯ ಕತೆ. ಸ್ವಿಟ್ಜರ್ಲೆಂಡ್ ಆಲ್ಪ್ಸ್ ಪರ್ವತಗಳ ದೇಶ, ಗಳಗಂಡದ ತವರು. ಅಲ್ಲಿನ ಬರ್ನ್ ನಗರದ ಥಿಯೊಡೋರ್ ಕೋಕರ್ ಥೈರಾಯ್ಡ್ ಶಸ್ತ್ರಚಿಕಿತ್ಸೆಯನ್ನು ಸಾವಿನ ದವಡೆಯಿಂದ ಬಿಡಿಸಿ ಸುರಕ್ಷಿತ ಮಾಡಿದವರು. 1909ರ ನೊಬೆಲ್ ಅವರಿಗೆ ಬಂತು. ಅದಕ್ಕಿಂತ ಮುಖ್ಯವಾದದ್ದು 1883ರಲ್ಲಿ ಅವರು ಸಹೋದ್ಯೋಗಿಗಳ ಮುಂದೆ ಇಟ್ಟ ವರದಿ ಎಂದು ನಮಗನಿಸುತ್ತದೆ. ಇಡೀ ಗ್ರಂಥಿಯನ್ನು ತೆಗೆದುಹಾಕಿದ ರೋಗಿಗಳನ್ನು ಅವರು ಮತ್ತೆ ಕರೆಸಿ ನೋಡಿದರು. ಗಾಯ ಚೆನ್ನಾಗಿ ಮಾಯ್ದಿತ್ತು, ಮನುಷ್ಯರು ಬದಲಾಗಿಬಿಟ್ಟಿದ್ದರು. ಮುಖ ಊದಿ, ಮಾತು ನಿಧಾನವಾಗಿ, ಬುದ್ಧಿ ಮಂಕಾಗಿ, ಮಕ್ಕಳಾದರೆ ಬೆಳವಣಿಗೆಯೇ ನಿಂತುಹೋಗಿತ್ತು. ಇನ್ನು ಮುಂದೆ ಪೂರ್ತಿ ಗ್ರಂಥಿಯನ್ನು ತೆಗೆಯುವುದಿಲ್ಲ ಎಂದು ಅವರು ಘೋಷಿಸಿದರು. ತನ್ನ ಗೆಲುವಿನ ಪಟ್ಟಿಯಲ್ಲಿದ್ದ ರೋಗಿಗಳನ್ನು ಹುಡುಕಿಕೊಂಡು ಹೋಗಿ ಅವರ ಸೋಲನ್ನು ಲೆಕ್ಕ ಹಾಕಿದ ವೈದ್ಯರು ಅಂದೂ ಕಡಿಮೆ, ಇಂದೂ ಕಡಿಮೆ.

ಕೊರಳಿನ ಒಂದು ಗ್ರಂಥಿ ಇಡೀ ಮನುಷ್ಯನನ್ನು ನಡೆಸುತ್ತದೆ ಎಂದು ಖಚಿತವಾದ ಮೇಲೆ ಚಿಕಿತ್ಸೆ ತಡವಾಗಲಿಲ್ಲ. 1891ರಲ್ಲಿ ಇಂಗ್ಲೆಂಡಿನ ಯುವ ವೈದ್ಯ ಜಾರ್ಜ್ ಮರ್ರಿ ಕುರಿಯ ಗ್ರಂಥಿಯ ರಸ ತೆಗೆದು 46 ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿದರು. ಆಕೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದಳು, ಸದಾ ಚಳಿ, ಒಡಕು ದನಿ, ಮಾತು ತಡವಾಗುತ್ತಿತ್ತು. ಕೆಲವೇ ತಿಂಗಳಲ್ಲಿ ಮುಖದ ಊತ ಇಳಿಯಿತು, ನಡೆ ಚುರುಕಾಯಿತು. ಮುಂದೆ ಬಾಯಲ್ಲಿ ಕುಡಿಯುವ ರೂಪದಲ್ಲಿ ಅದೇ ರಸವನ್ನು ತೆಗೆದುಕೊಳ್ಳುತ್ತ 28 ವರ್ಷ ಬದುಕಿ, 74ನೇ ವಯಸ್ಸಿನಲ್ಲಿ, 1919ರಲ್ಲಿ ತೀರಿಕೊಂಡಳು. ಅಷ್ಟು ವರ್ಷಗಳಿಗೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದವೆಂದು ಮರ್ರಿ ಲೆಕ್ಕ ಬರೆದಿದ್ದಾರೆ. ಕತೆ ಬರೆಯುವವರಾದ ನಮಗೆ ಕುರಿಗಳ ಲೆಕ್ಕಕ್ಕಿಂತ ಆ ಹೆಂಗಸಿನ ಹಿಂದಿನ ವರ್ಷಗಳು ಕಾಡುತ್ತವೆ. ಕಾಯಿಲೆಗೆ ಹೆಸರು ಸಿಗುವ ಮುಂಚೆ ಮನೆಯವರು ಆಕೆಯನ್ನು ಏನೆಂದು ಕರೆದಿರಬಹುದು?

ನಮ್ಮ ಮೊಹಲ್ಲಾಗಳಲ್ಲಿ ಏನೆಂದು ಕರೆಯುತ್ತಿದ್ದರೆಂದು ನಮಗೆ ಗೊತ್ತು. ಸೋಮಾರಿ. ಮೈಗಳ್ಳಿ. ಹೆರಿಗೆಯಾದ ಮೇಲೆ ದಪ್ಪಗಾಗಿ, ಬೆಳಗಾದರೂ ಏಳಲಾಗದೆ, ಹಾಲಿಟ್ಟ ಒಲೆಯನ್ನು ಮರೆತು, ಮುಟ್ಟು ಏರುಪೇರಾಗಿ ಮಂಕು ಹಿಡಿದವಳಂತೆ ಕೂರುವ ಸೊಸೆಗೆ ಮೊದಲು ಬೈಗುಳ, ಆಮೇಲೆ ತಾಯತ, ಅದೂ ನಡೆಯದಿದ್ದರೆ ತವರಿಗೆ ಗಡಿಪಾರು. ತದ್ವಿರುದ್ಧವಾಗಿ ಗ್ರಂಥಿ ಹೆಚ್ಚು ಕೆಲಸ ಮಾಡಿ ನಡುಗುವ, ರೇಗುವ, ಕಣ್ಣು ಕೆರಳಿಸಿ ನೋಡುವ ಹುಡುಗಿಗೆ ಜಿನ್ನ್ ಮೆಟ್ಟಿಕೊಂಡಿದೆ ಎಂದು ಆಮಿಲರ ಮನೆ. ಈ ಎರಡೂ ಕಾಯಿಲೆಗಳು ಗಂಡಸರಿಗಿಂತ ಹೆಂಗಸರಲ್ಲೇ ಹಲವು ಪಟ್ಟು ಹೆಚ್ಚು. ಝಹ್ರಾವಿಯವರಿಗೆ ಸಾವಿರ ವರ್ಷದ ಹಿಂದೆ ಕಂಡದ್ದು ಅತ್ತೆಮಾವಂದಿರಿಗೆ ಕಾಣಲಿಲ್ಲ.

ಬೆಟ್ಟದ ಕಣಿವೆಗಳಲ್ಲಿ ಇದು ಒಂದೊಂದು ಮನೆಯ ಪಾಡಾಗಿ ಉಳಿದಿರಲಿಲ್ಲ, ಇಡೀ ಜನಾಂಗದ ಪಾಡಾಗಿತ್ತು. ಹಿಮನದಿಗಳೂ ಮಳೆಯೂ ಸಾವಿರಾರು ವರ್ಷ ಮಣ್ಣನ್ನು ತೊಳೆದು ಅಯೋಡಿನ್ನನ್ನು ಸಮುದ್ರಕ್ಕೆ ಸಾಗಿಸಿವೆ. ಮಣ್ಣಲ್ಲಿಲ್ಲದ್ದು ಗೋಧಿಯಲ್ಲಿಲ್ಲ, ಮೇಕೆಯ ಹಾಲಲ್ಲಿಲ್ಲ, ತಾಯಿಯ ರಕ್ತದಲ್ಲೂ ಇಲ್ಲ. ಗ್ರಂಥಿ ಸಿಕ್ಕಷ್ಟನ್ನು ಹೀರಿಕೊಳ್ಳಲು ದೊಡ್ಡದಾಗುತ್ತ ಹೋಗುತ್ತದೆ, ಅದೇ ಗಳಗಂಡ. ಗಡ್ಡೆ ಕಣ್ಣಿಗೆ ಕಾಣುವ ಸಣ್ಣ ತೊಂದರೆ. ದೊಡ್ಡದು ಕಾಣದ್ದು: ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯುವುದಿಲ್ಲ. ಕಿವುಡು, ಮೂಕತನ, ಕುಳ್ಳು, ಬುದ್ಧಿಮಾಂದ್ಯ. ಅಂಥವರನ್ನು ಆಲ್ಪ್ಸ್ ಸೀಮೆಯಲ್ಲಿ ಕ್ರೆಟಿನ್ ಎಂದರು. ಆ ಪದ ಅಲ್ಲಿನ ಆಡುನುಡಿಯಲ್ಲಿ 'ಕ್ರೈಸ್ತ' ಎಂಬುದರ ರೂಪವೆಂದೂ, ಇವರೂ ನಮ್ಮಂತೆ ಮನುಷ್ಯರೇ ಎಂಬ ಕರುಣೆಯಿಂದ ಹುಟ್ಟಿದ್ದೆಂದೂ ಭಾಷಾತಜ್ಞರು ಹೇಳುತ್ತಾರೆ. ಕರುಣೆಯ ಮಾತು ಸವೆದು ಸವೆದು ಬೈಗುಳವಾಯಿತು.

ನಮ್ಮ ಉಪಖಂಡದಲ್ಲಿ ಇದನ್ನು ಮೊದಲು ಹಠ ಹಿಡಿದು ಅಧ್ಯಯನ ಮಾಡಿದವರು ಬ್ರಿಟಿಷ್ ಸೈನ್ಯದ ವೈದ್ಯ ರಾಬರ್ಟ್ ಮೆಕ್ಯಾರಿಸನ್. 20ನೇ ಶತಮಾನದ ಮೊದಲ ದಶಕದಲ್ಲಿ ಅವರು ಚಿತ್ರಾಲ್ ಮತ್ತು ಗಿಲ್ಗಿತ್ ಕಣಿವೆಗಳಲ್ಲಿದ್ದರು. ಗಿಲ್ಗಿತ್‌ನ ಹಳ್ಳಿಗಳು ಒಂದೇ ಕಾಲುವೆಯ ನೀರು ಕುಡಿಯುತ್ತಿದ್ದವು. ಮೇಲಿನ ಹಳ್ಳಿಯ ಕೊಳೆ ಕೆಳಗಿನ ಹಳ್ಳಿಯ ಬಾಯಿಗೆ. ಮೆಕ್ಯಾರಿಸನ್ ಮನೆಮನೆ ಎಣಿಸಿದಾಗ ಕೆಳಗಿಳಿದಂತೆಲ್ಲ ಗಂಟಲ ಗಡ್ಡೆಯೂ ಹೆಚ್ಚುತ್ತಿತ್ತು. ನೀರಿನ ಗಷ್ಟವನ್ನು ಸೋಸಿ ತೆಗೆದು ತಾವೇ ಕುಡಿದರು, ಒಪ್ಪಿದವರಿಗೂ ಕುಡಿಸಿದರು. ಕೆಲವರ ಗ್ರಂಥಿ ದಪ್ಪವಾಯಿತು. ಕುದಿಸಿ ಕುಡಿದವರದ್ದು ಆಗಲಿಲ್ಲ. ಆದ್ದರಿಂದ ಇದು ನೀರಿನಲ್ಲಿರುವ ಯಾವುದೋ ಜೀವಿಯಿಂದ ಬರುವ ಸೋಂಕು ಎಂಬುದು ಅವರ ತೀರ್ಮಾನ. ಕೊಳಕು ನೀರು ಅಯೋಡಿನ್ ಕೊರತೆಯನ್ನು ಇನ್ನಷ್ಟು ಕೆಡಿಸಬಹುದು, ಅಷ್ಟರಮಟ್ಟಿಗೆ ಅವರ ಎಣಿಕೆ ವ್ಯರ್ಥವಲ್ಲ. ಆದರೆ ಬೇರು ಸಿಗಲಿಲ್ಲ. ಅದೇ ಕಣಿವೆಗಳಲ್ಲಿ ಅವರು ಕ್ರೆಟಿನ್ ರೋಗಿಗಳನ್ನು ಪರೀಕ್ಷಿಸಿ 1908ರಲ್ಲಿ ಬರೆದ ಲೇಖನ ಮಾತ್ರ ಇಂದಿಗೂ ನಿಂತಿದೆ. ನರಗಳ ಮೇಲೆ ಹೊಡೆತ ಬಿದ್ದವರು ಬೇರೆ, ಮೈ ಊದಿ ಬೆಳವಣಿಗೆ ನಿಂತವರು ಬೇರೆ ಎಂದು ಅವರು ಮಾಡಿದ ವಿಭಾಗವನ್ನೇ ವೈದ್ಯರು ಈಗಲೂ ಬಳಸುತ್ತಾರೆ. ಅವರು ಆಮೇಲೆ ನೀಲಗಿರಿಯ ಕೂನೂರಿನಲ್ಲಿ ಕಟ್ಟಿದ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಬಂದು ಈಗ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ.

ಅಷ್ಟರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಡೇವಿಡ್ ಮರೀನ್ 1917ರಿಂದ ಶಾಲಾ ಬಾಲಕಿಯರಿಗೆ ಅಯೋಡಿನ್ ಕೊಟ್ಟು ಗಡ್ಡೆ ತಡೆಯಬಹುದೆಂದು ತೋರಿಸಿದ್ದರು. 1922ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಪ್ರಾಂತ್ಯ, 1924ರಲ್ಲಿ ಅಮೆರಿಕದ ಮಿಶಿಗನ್ ಅಯೋಡಿನ್ ಬೆರೆತ ಉಪ್ಪನ್ನು ಅಂಗಡಿಗೆ ತಂದವು. ಭಾರತದ ಹಿಮಾಲಯದ ಜನರಿಗೆ ಅದು ತಲುಪಲು ಇನ್ನೂ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ತಲುಪಿಸಿದವರಲ್ಲಿ ಮುಖ್ಯರು ವುಲಿಮಿರಿ ರಾಮಲಿಂಗಸ್ವಾಮಿ. ಆಂಧ್ರದ ಶ್ರೀಕಾಕುಳಂನವರು, ಕೂನೂರಿನ ಅದೇ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು, ಮುಂದೆ ದಿಲ್ಲಿಯ ಏಮ್ಸ್‌ನ ನಿರ್ದೇಶಕರಾದವರು. 1950ರ ದಶಕದ ನಡುವೆ ಅವರ ತಂಡ ಕಾಂಗ್ರಾ ಕಣಿವೆಗೆ ಹೋಯಿತು. ಆಗ ಕಾಂಗ್ರಾ ಪಂಜಾಬಿಗೆ ಸೇರಿತ್ತು. ಸುಮಾರು ಒಂದು ಲಕ್ಷ ಜನರಿರುವ ಪ್ರದೇಶವನ್ನು ಅಧ್ಯಯನಕ್ಕೆ ಆರಿಸಿಕೊಂಡರು. ರೋಗನಿದಾನ ಕೈಬೆರಳುಗಳಿಂದ: ಕುತ್ತಿಗೆಯ ಎರಡು ಬದಿಯಲ್ಲಿ ಬೆರಳಿಟ್ಟು, ಗುಟುಕು ನುಂಗಿಸಿ, ಗ್ರಂಥಿಯ ಗಾತ್ರವನ್ನು ದರ್ಜೆಯಾಗಿ ಬರೆದುಕೊಳ್ಳುವುದು. ನೂರಕ್ಕೆ ಸುಮಾರು 38 ಮಂದಿಗೆ ಗಡ್ಡೆಯಿತ್ತು.

ಪ್ರದೇಶವನ್ನು ಮೂರು ವಲಯ ಮಾಡಿದರು. 1956ರಿಂದ ಒಂದು ವಲಯಕ್ಕೆ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದ ಉಪ್ಪು, ಇನ್ನೊಂದಕ್ಕೆ ಪೊಟ್ಯಾಸಿಯಂ ಅಯೋಡೇಟ್ ಬೆರೆಸಿದ ಉಪ್ಪು, ನಡುವಿನದಕ್ಕೆ ಬರಿಯ ಉಪ್ಪು. ಅಯೋಡೈಡ್ ಎಂಬುದು ನಮ್ಮ ಒರಟು, ತೇವದ ಉಪ್ಪಿನಲ್ಲಿ ಬೇಗ ಹಾರಿಹೋಗುತ್ತದೆ, ಅಯೋಡೇಟ್ ಹೆಚ್ಚು ಕಾಲ ನಿಲ್ಲುತ್ತದೆ. ಗೋಣಿಚೀಲದಲ್ಲಿ ಮಳೆಗೆ ನೆನೆದು ಬರುವ ಉಪ್ಪಿನ ದೇಶಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಐದಾರು ವರ್ಷಗಳ ನಂತರ, 1962ರಲ್ಲಿ ಮತ್ತೆ ಬೆರಳಿಟ್ಟು ನೋಡಿದಾಗ ಅಯೋಡಿನ್ ಸಿಕ್ಕ ಎರಡೂ ವಲಯಗಳಲ್ಲಿ ಗಡ್ಡೆ ಅರ್ಧಕ್ಕೆ, ಅದಕ್ಕೂ ಕೆಳಗೆ ಇಳಿದಿತ್ತು. ನಡುವಿನ ವಲಯದಲ್ಲಿ ಇದ್ದಷ್ಟೇ ಇತ್ತು. ನೀರು ಬದಲಾಗಿರಲಿಲ್ಲ, ಬೆಟ್ಟ ಬದಲಾಗಿರಲಿಲ್ಲ, ಉಪ್ಪು ಮಾತ್ರ ಬದಲಾಗಿತ್ತು. ಆಮೇಲೆ ನಡುವಿನವರಿಗೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲೂ ಇಳಿಯಿತು.

ಈ ನಡುವಿನ ವಲಯದ ಬಗ್ಗೆ ನಾವು ಒಂದು ಮಾತು ಹೇಳಬೇಕು. ಅಯೋಡಿನ್ ಗಳಗಂಡವನ್ನು ತಡೆಯುತ್ತದೆ ಎಂಬುದು 1956ರ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲೂ ಅಮೆರಿಕದಲ್ಲೂ ಸಾಬೀತಾಗಿತ್ತು. ಆದರೂ ಆ ಹಳ್ಳಿಗಳಲ್ಲಿ ಐದಾರು ವರ್ಷ ಹುಟ್ಟಿದ ಮಕ್ಕಳು ಹೋಲಿಕೆಯ ಅಂಕಿಗಳಾಗಿ ಉಳಿದರು. ಭಾರತದಲ್ಲಿ ಇದು ನಡೆಯುತ್ತದೆಂದು ದಿಲ್ಲಿಯ ಕಡತಗಳಿಗೆ ನಂಬಿಸಲು ಆ ಹೋಲಿಕೆ ಬೇಕಿತ್ತೆಂಬ ವಾದವಿದೆ, ಅದನ್ನು ತಳ್ಳಿಹಾಕುವುದೂ ಕಷ್ಟ. ಏಕೆಂದರೆ ಆ ಅಂಕಿಗಳ ಬಲದಿಂದಲೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಉಪಕಾರ ಇಡೀ ದೇಶಕ್ಕೆ, ಅದರ ಬೆಲೆ ಕೆಲವು ಹಳ್ಳಿಗಳ ತಾಯಂದಿರ ಮೇಲೆ. ಆ ಮಕ್ಕಳ ಕತೆಯನ್ನು ಯಾರೂ ಬರೆದಂತಿಲ್ಲ.

ಕಾರ್ಯಕ್ರಮ ಕುಂಟುತ್ತ ಸಾಗಿತು. ಬೆರಳೆಣಿಕೆಯ ಸರಕಾರಿ ಘಟಕಗಳು ಹಿಮಾಲಯದ ಸೆರಗಿಗೂ ಸಾಲುವಷ್ಟು ಉಪ್ಪು ತಯಾರಿಸಲಿಲ್ಲ. ಗಳಗಂಡ ಬೆಟ್ಟದವರ ಕಾಯಿಲೆ ಎಂದು ಬಯಲಿನವರು ನೆಮ್ಮದಿಯಾಗಿದ್ದರು. ಸಮೀಕ್ಷೆಗಳಾದಂತೆ ಮಹಾರಾಷ್ಟ್ರದ ಔರಂಗಾಬಾದ್‌ನಲ್ಲಿ, ಉತ್ತರ ಪ್ರದೇಶದ ತರಾಯಿಯಲ್ಲಿ, ನಮ್ಮ ಚಿಕ್ಕಮಗಳೂರು, ಕೊಡಗಿನ ಕಡೆಯಲ್ಲೂ ಕಂಡಿತು. 1980ರ ದಶಕದಲ್ಲಿ ಸರಕಾರ ದೇಶಕ್ಕೆಲ್ಲ ಅಯೋಡಿನ್ ಉಪ್ಪು ಕೊಡಲು ತೀರ್ಮಾನಿಸಿ ಖಾಸಗಿಯವರಿಗೂ ಬಾಗಿಲು ತೆರೆಯಿತು. ಗಡ್ಡೆಗಿಂತ ಮಿದುಳಿನ ಹಾನಿ ದೊಡ್ಡದೆಂದು ಒಪ್ಪಿಕೊಂಡ ಮೇಲೆ 1992ರಲ್ಲಿ ಕಾರ್ಯಕ್ರಮದ ಹೆಸರೂ ಅಯೋಡಿನ್ ಕೊರತೆ ದೋಷಗಳ ನಿಯಂತ್ರಣ ಎಂದು ಬದಲಾಯಿತು. 1997ರ ಅಧಿಸೂಚನೆ ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರುವುದನ್ನು ನಿಷೇಧಿಸಿತು. 2000ದಲ್ಲಿ ಕೇಂದ್ರ ಸರಕಾರ ನಿಷೇಧ ತೆಗೆಯಿತು. 2005ರಲ್ಲಿ ಮತ್ತೆ ಹೊರಡಿಸಿತು, 2006ರ ಮೇ ತಿಂಗಳಿಂದ ಜಾರಿ.

ಈ ಹಗ್ಗಜಗ್ಗಾಟದಲ್ಲಿ ಉಪ್ಪಿನ ಇತಿಹಾಸ ಸುಮ್ಮನಿರಲಿಲ್ಲ. ಉಪ್ಪು ತಯಾರಿಸುವ ಹಕ್ಕಿಗಾಗಿ ದಂಡಿಯಲ್ಲಿ, ನಮ್ಮ ಅಂಕೋಲೆಯಲ್ಲಿ 1930ರಲ್ಲಿ ಜನ ಲಾಠಿ ತಿಂದಿದ್ದಾರೆ. ಯಾವ ಉಪ್ಪು ತಿನ್ನಬೇಕೆಂದು ಸರಕಾರ ಹೇಳಬಾರದು ಎಂದು ಗಾಂಧಿವಾದಿಗಳು ವಾದಿಸಿದಾಗ ಅದು ಬರಿಯ ಹಟವಾಗಿರಲಿಲ್ಲ. ಕಾನೂನು ಬಂದ ಮೇಲೆ ಲಾಭ ದೊಡ್ಡ ಕಂಪೆನಿಗಳ ಪ್ಯಾಕೆಟ್ಟಿಗೆ, ನಷ್ಟ ಗದ್ದೆಯಲ್ಲಿ ಉಪ್ಪು ಬೆಳೆಯುವ ಬಡವನಿಗೆ ಎಂಬ ಆತಂಕವೂ ನಿಜವಾಗಿತ್ತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈಯಲ್ಲಿ ನ್ಯಾಯಾಲಯ, ಕಲಬೆರಕೆ ತಡೆ ಕಾಯ್ದೆಯಡಿ ಇಂಥ ನಿಯಮ ಮಾಡುವ ಅಧಿಕಾರ ಸರಕಾರಕ್ಕಿಲ್ಲ ಎಂದಿತು. ಹಾಗೆಂದು ಜನಾರೋಗ್ಯಕ್ಕೆ ಧಕ್ಕೆಯಾಗಬಾರದೆಂದು ನಿಷೇಧವನ್ನು ಆರು ತಿಂಗಳು ಮುಂದುವರಿಸಿತು. ಅಷ್ಟರಲ್ಲಿ ಹೊಸ ಆಹಾರ ಸುರಕ್ಷತಾ ನಿಯಮಗಳು ಬಂದು ನಿಷೇಧ ಅವುಗಳಲ್ಲಿ ನೆಲೆಗೊಂಡಿತು.

ಅಯೋಡಿನ್ ಬೆರೆಸುವ ಖರ್ಚು ಕಿಲೋಗೆ ಕೆಲವು ಪೈಸೆ. ಪ್ಯಾಕೆಟ್ಟಿನ ಬೆಲೆಯಲ್ಲಿ ಹೆಚ್ಚಿನದು ಹೊಳೆಯುವ ಕವರು, ಶುದ್ಧೀಕರಣ, ಜಾಹೀರಾತು. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ತಲೆಮಾರುಗಳಿಂದ ಉಪ್ಪಿನ ಆಗರಗಳಿವೆ. ಹರಳುಪ್ಪಿನ ಮೇಲೆ ಅಯೋಡೇಟ್ ದ್ರಾವಣ ಸಿಂಪಡಿಸಲು ದೊಡ್ಡ ಕಾರ್ಖಾನೆಯೇ ಬೇಕೆಂದಿಲ್ಲ. ಆದ್ದರಿಂದ ನಮ್ಮ ಜಗಳ ಅಯೋಡಿನ್ ಜೊತೆಗೆ ಇರಬಾರದು. ಸಣ್ಣ ಉತ್ಪಾದಕನ ಕೈಗೆ ಸಿಂಪಡಿಸುವ ಯಂತ್ರವನ್ನೂ ಪರೀಕ್ಷೆಯ ವ್ಯವಸ್ಥೆಯನ್ನೂ ಸಕಾಲದಲ್ಲಿ ಕೊಡದ ಸರಕಾರದ ಜೊತೆಗೆ ಇರಬೇಕಿತ್ತು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ನೂರಕ್ಕೆ 93 ಮನೆಗಳಲ್ಲಿ ಅಯೋಡಿನ್ ಉಪ್ಪಿತ್ತು. ಕಾಂಗ್ರಾದ ಅಂಕಿಗಳನ್ನು ಓದಿದ ಮೇಲೆ ಇದನ್ನು ಸಣ್ಣ ಸಾಧನೆ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಹಾಗಾದರೆ ಈಗ ಇಷ್ಟೊಂದು ಥೈರಾಯ್ಡ್ ಎಲ್ಲಿಂದ ಎಂದು ಓದುಗರು ಕೇಳುತ್ತಾರೆ. ಎಲ್ಲ ಥೈರಾಯ್ಡ್ ತೊಂದರೆಯೂ ಅಯೋಡಿನ್ನಿನದಲ್ಲ. 1912ರಲ್ಲಿ ಜಪಾನಿನ ಹಾಶಿಮೊಟೊ ಹಕಾರು ಸೂಕ್ಷ್ಮದರ್ಶಕದಲ್ಲಿ ಕಂಡ ಒಂದು ಬಗೆಯಲ್ಲಿ ಮೈಯ ರಕ್ಷಣಾ ಪಡೆಯೇ ಗ್ರಂಥಿಯ ಮೇಲೆ ಬೀಳುತ್ತದೆ ಎಂದು 1956ರಲ್ಲಿ ಲಂಡನ್ನಿನ ಸಂಶೋಧಕರು ತಿಳಿಸಿದರು. ಇಂದು ಅಯೋಡಿನ್ ಸಾಕಷ್ಟಿರುವ ಊರುಗಳಲ್ಲಿ ಗ್ರಂಥಿ ಸೋಲಲು ಇದೇ ಮುಖ್ಯ ಕಾರಣ. ಜೊತೆಗೆ, ಹಿಂದೆ ಕಾಣದಿದ್ದದ್ದು ಈಗ ಕಾಣುತ್ತಿದೆ. ಮೊದಲೆಲ್ಲ ವೈದ್ಯರು ಮುಖ ನೋಡಿ, ನಾಡಿ ಹಿಡಿದು, ಉಸಿರಿನ ಲೆಕ್ಕದಿಂದ ಮೈಯ ಕಾವು ಅಳೆದು ಊಹಿಸಬೇಕಿತ್ತು. ರೊಸಾಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ ರಕ್ತದಲ್ಲಿನ ಅತಿ ಸಣ್ಣ ಪ್ರಮಾಣದ ಹಾರ್ಮೋನನ್ನು ಅಳೆಯುವ ವಿಧಾನ ಕಂಡುಹಿಡಿದ ಮೇಲೆ 1960ರ ದಶಕದಲ್ಲಿ ಟಿಎಸ್‌ಎಚ್ ಅಳೆಯುವುದು ಸಾಧ್ಯವಾಯಿತು. ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆಜ್ಞೆ ಅದು. ಕೊರಳಿನ ಗ್ರಂಥಿ ಸೋತರೆ ಆಜ್ಞೆ ಜೋರಾಗುತ್ತದೆ, ಮಿತಿಮೀರಿದರೆ ಆಜ್ಞೆ ನಿಲ್ಲುತ್ತದೆ. ಮಿತಿಮೀರಿದ್ದಕ್ಕೆ ಮಾತ್ರೆ, ಶಸ್ತ್ರಚಿಕಿತ್ಸೆ, ಇಲ್ಲವೇ 1941ರಲ್ಲಿ ಬಾಸ್ಟನ್ನಿನ ಸಾಲ್ ಹರ್ಟ್ಸ್ ಮೊದಲು ಕೊಟ್ಟ ವಿಕಿರಣ ಅಯೋಡಿನ್. ಸೋತದ್ದಕ್ಕೆ ಕುರಿಗಳು ಬೇಕಿಲ್ಲ, ಪ್ರಯೋಗಾಲಯದಲ್ಲಿ ತಯಾರಾದ ಥೈರಾಕ್ಸಿನ್ ಮಾತ್ರೆ ಸಾಕು.

ನಮ್ಮನ್ನು ಹೆಚ್ಚು ಕಾಡುವುದು ನವಜಾತ ಶಿಶುಗಳು. 1974ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಶಿಶುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ಕಾಗದಕ್ಕೆ ಒತ್ತಿ ಪರೀಕ್ಷಿಸುವ ಕ್ರಮ ಶುರುವಾಯಿತು. ಭಾರತದಲ್ಲಿ ಸುಮಾರು ಸಾವಿರಕ್ಕೊಂದು ಮಗು ಸೋತ ಗ್ರಂಥಿಯೊಂದಿಗೆ ಹುಟ್ಟುತ್ತದೆ. ಮೊದಲ ಎರಡು ವಾರದೊಳಗೆ ಮಾತ್ರೆ ಅರೆದು ಕೊಡಲಾರಂಭಿಸಿದರೆ ಆ ಮಗು ಎಲ್ಲರಂತೆ ಶಾಲೆಗೆ ಹೋಗುತ್ತದೆ. ತಡವಾದರೆ ಕಳೆದುಕೊಂಡದ್ದು ಪೂರ್ತಿ ಮರಳುವುದಿಲ್ಲ. ಕೆಲವು ರಾಜ್ಯಗಳಲ್ಲಿ, ದೊಡ್ಡ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ನಡೆಯುತ್ತಿದೆ, ದೇಶದ ಎಲ್ಲ ಹೆರಿಗೆ ಕೋಣೆಗಳಿಗೆ ಅದು ಇನ್ನೂ ಬಂದಿಲ್ಲ. ಹುಟ್ಟಿದ ಮಗುವಿನ ಕಿವಿಯಲ್ಲಿ ಅಝಾನ್ ಹೇಳಲು ಓಡಿಬರುವ ಅಜ್ಜಂದಿರು ಹಿಮ್ಮಡಿಯ ಆ ಒಂದು ಹನಿ ರಕ್ತದ ಬಗ್ಗೆಯೂ ನರ್ಸಮ್ಮನನ್ನು ಕೇಳಬಹುದು. ಮಾತ್ರೆ ನುಂಗುತ್ತಿರುವ ಸೊಸೆ ಗರ್ಭಿಣಿಯಾದರೆ ಅದನ್ನು ನಿಲ್ಲಿಸಬಾರದು. ಆಗ ಪ್ರಮಾಣ ಸಾಮಾನ್ಯವಾಗಿ ಹೆಚ್ಚಬೇಕಾಗುತ್ತದೆ, ಕೂಡಲೇ ವೈದ್ಯರಿಗೆ ತಿಳಿಸಬೇಕು.

ರಮಝಾನಿನಲ್ಲಿ ಈ ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಪ್ರತಿ ವರ್ಷ ಏಳುತ್ತದೆ, ಕೆಲವರು ತಿಂಗಳಿಡೀ ಬಿಟ್ಟೇಬಿಡುತ್ತಾರೆ. ಬಿಡಬೇಕಾಗಿಲ್ಲ. ಸಹ್ರಿಗೆ ಅರ್ಧ ಗಂಟೆ ಮುಂಚೆ ಎದ್ದು ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಬಹುದು. ಅದು ಆಗದಿದ್ದರೆ ರಾತ್ರಿ ಕೊನೆಯ ಊಟವಾಗಿ ಮೂರು ತಾಸು ಕಳೆದ ಮೇಲೆ, ಮಲಗುವ ಮುನ್ನ. ಚಹಾ, ಹಾಲು ಆ ಅರ್ಧ ಗಂಟೆ ದೂರವಿರಲಿ. ಕಬ್ಬಿಣದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಡುವೆ ನಾಲ್ಕು ತಾಸು ಅಂತರವಿರಲಿ.